ಮಗ್ಗುಲು ಬದಲಿಸುವ ಹೊತ್ತು

ಚಳಿಗಾಲ ಮುಗಿಯುತ್ತ ಬಂದಿತ್ತು, ಸಂಜೆ ಐದೂವರೆ ಇರಬೇಕು. ಹತ್ತಿ ಹಿಂಜುವ ಯಂತ್ರವನ್ನು ಆಗ ತಾನೇ ನಿಲ್ಲಿಸಿ, ಮೂಗಿಗೆ ಕಟ್ಟಿಕೊಂಡಿದ್ದ ಬಟ್ಟೆ ಬಿಚ್ಚಿ ಕೊಡವುತ್ತಿದ್ದೆ. ನನ್ನ ತಮ್ಮನ ಮಗಳು ಬಾಗಿಲಲ್ಲಿ ನಿಂತು, "ಅತ್ತೆ, ನಿನ್ನ ಹಿಂದಿನ ಕೋಣೆ ಬೇಕಿತ್ತು," ಅಂದಳು.

"ಮಲಗೋಕಾ?"

"ಮಾತಾಡೋಕೆ."

ನಮ್ಮದು ಹಾಸಿಗೆ ಅಂಗಡಿ. ಹಿಂಜುವುದು, ತುಂಬುವುದು, ಹೊಲಿಯುವುದು ಎಲ್ಲ ಮುಂದಿನ ಕೋಣೆಯಲ್ಲಿ. ಮುಗಿದ ಹಾಸಿಗೆಗಳನ್ನು ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿಸಿ ಸೂರಿನವರೆಗೆ ಪೇರಿಸುತ್ತೇವೆ. ಅಲ್ಲಿ ಚಪ್ಪಾಳೆ ತಟ್ಟಿದರೂ ಸದ್ದು ಅಂಗೈಯಲ್ಲೇ ಸತ್ತುಹೋಗುತ್ತದೆ. ಅವಳಿಗೆ ಬೇಕಾಗಿದ್ದೂ ಅದೇ. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವಳದು. ಜೀವ ಮಾತ್ರ ವಿಡಿಯೋ ಗೇಮುಗಳಲ್ಲಿ, ಆಕಾಶದಾಚೆಯ ಧಾರಾವಾಹಿಗಳಲ್ಲಿ. ಅವುಗಳ ಬಗ್ಗೆ ತನಗೆ ಅನಿಸಿದ್ದನ್ನು ವಾರಕ್ಕೊಮ್ಮೆ ರೆಕಾರ್ಡ್ ಮಾಡಿ, ಫೋನಿನಲ್ಲಿ ಕೇಳುವವರಿಗೆ ಬಿಡಬೇಕು ಅಂತ ಆಸೆ. ಮನೆಯಲ್ಲಿ ಕೂತು ಮಾಡಿದರೆ ಕುಕ್ಕರ್ ಕೂಗುತ್ತದೆ, ಅದು ನಿಂತರೆ ನನ್ನ ತಮ್ಮ ಕೆಮ್ಮುತ್ತಾನೆ.

"ಒಬ್ಬಳೇ ಮಾತಾಡ್ತೀಯಾ?"

"ಇಲ್ಲ, ಗಡಿಯಾರ ಬರ್ತಾನೆ."

ಗಡಿಯಾರ ಅಂದರೆ ಶಾಲೆಯಲ್ಲಿ ಅವಳ ಪಕ್ಕ ಕೂತು ಓದಿದವನು, ಈಗ ಲಿಫ್ಟ್ ಮೆಕ್ಯಾನಿಕ್. ಒಂದು ದಿನವೂ ಹೇಳಿದ ಹೊತ್ತಿಗೆ ಬಂದವನಲ್ಲ, ಅದಕ್ಕೇ ಆ ಹೆಸರು. ಅವನು ಅವಳನ್ನು ಕ್ಯಾಪ್ಟನ್ ಅನ್ನುತ್ತಿದ್ದ. ಯಾವ ಆಟ ಆಡಿದರೂ ಚುಕ್ಕಾಣಿ ಅವಳ ಕೈಯಲ್ಲೇ ಇರಬೇಕಿತ್ತಂತೆ. ಅವಳ ಬಾಯಲ್ಲಿ ಕೇಳಿ ಕೇಳಿ ಅವನೂ ನನ್ನನ್ನು ಅತ್ತೆ ಅನ್ನಲು ಶುರು ಮಾಡಿದ. ಬೇಡ ಅನ್ನಲು ನನಗೂ ಮನಸ್ಸಾಗಲಿಲ್ಲ.

ಮೊದಲ ದಿನವೇ ಕತ್ತಲಾದ ಮೇಲೆ ಬಂದ.

"ಲಿಫ್ಟಲ್ಲಿ ಒಬ್ರು ಸಿಕ್ಕಿಹಾಕ್ಕೊಂಡಿದ್ರು ಅತ್ತೆ."

"ಅಯ್ಯೋ, ಯಾರಪ್ಪಾ?"

"ನಾನೇ."

ದಬ್ಬಳದಲ್ಲಿ ಅಂಚು ಹೊಲಿಯುವ ಕೆಲಸಕ್ಕೆ ಸದ್ದಿಲ್ಲ. ಹಾಗಾಗಿ ನಾನು ಅದೇ ಕೋಣೆಯ ಮೂಲೆಯಲ್ಲಿ ಕೂತು ಹೊಲಿಯುತ್ತಿದ್ದರೆ ಅವರಿಗೆ ಅಡ್ಡಿಯಿರಲಿಲ್ಲ. ಆಟಗಳ ವಿಷಯ ನನಗೆ ಏನೂ ತಿಳಿಯದು. ಆದರೆ ಜಗಳ ಯಾವುದರ ಬಗ್ಗೆ ಅನ್ನುವುದು ಯಾರಿಗಾದರೂ ತಿಳಿಯುತ್ತದೆ. ಅವತ್ತಿನ ಜಗಳ ಸೇವ್ ಅನ್ನುವುದರ ಬಗ್ಗೆ. ಆಟದ ನಡುವೆ ಒಂದು ಕಡೆ ಗುರುತು ಹಾಕಿಟ್ಟರೆ, ಮುಂದೆ ಹೋಗಿ ಸತ್ತರೂ ಆ ಗುರುತಿನಿಂದ ಮತ್ತೆ ಎದ್ದು ನಡೆಯಬಹುದಂತೆ.

"ಅದಿದ್ರೆ ಆಟವೇ ಅಲ್ಲ," ಅಂದಳು ಅವಳು. "ಬಾಗಿಲು ತೆಗೆದ್ರೆ ಏನಾಗುತ್ತೋ ಅನ್ನೋ ಭಯ ಇರ್ಬೇಕು. ಹಿಂದಕ್ಕೆ ಬರಬಹುದು ಅಂತ ಗೊತ್ತಿದ್ರೆ ಯಾವ ಬಾಗಿಲು ತೆಗೆದ್ರೇನು? ಕೈಯೇ ನಡುಗಲ್ಲ."

"ನಂಗೆ ದಿನಾ ಬೆಳಗ್ಗೆ ಲಿಫ್ಟ್ ಇಳಿಯೋ ಗುಂಡಿ ಅಂಚಲ್ಲಿ ನಿಂತು ಕೈ ನಡುಗುತ್ತೆ ಕಣೇ. ಸಂಜೆ ಮನೆಗೆ ಬಂದು ಮತ್ತೆ ನಡುಗ್ಬೇಕಾ? ಬದುಕಲ್ಲಿ ಸಿಗದೇ ಇರೋದು ಆಟದಲ್ಲಾದ್ರೂ ಸಿಗ್ಲಿ ಬಿಡು."

"ಹಾಗಾದ್ರೆ ಆಟ ಯಾಕೆ, ಮಲ್ಕೋ."

"ಹಾಸಿಗೆಗೇನು ಬರ ಇಲ್ಲಿ? ಮಲ್ಕೊಂಡೆ."

ಇಬ್ಬರೂ ಸೇರಿ ಆಡುವ ಒಂದು ಆಟವಿತ್ತು. ಯಾರೂ ಇಲ್ಲದ ಗ್ರಹದಲ್ಲಿ ಇಬ್ಬರು ಪ್ರಯಾಣಿಕರು ಒಂದೇ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಬೆಟ್ಟ ಹತ್ತಬೇಕು. ಒಬ್ಬರು ಜಾರಿದರೆ ಇಬ್ಬರೂ ಬೀಳುತ್ತಾರೆ. ಇವಳು ಸೇವ್ ಮಾಡಲು ಬಿಡುತ್ತಿರಲಿಲ್ಲ, ಅದಕ್ಕೇ ಬಿದ್ದಾಗಲೆಲ್ಲ ಬುಡದಿಂದ ಶುರು. ಬೆಟ್ಟದ ತುದಿ ಹೇಗಿದೆ ಅಂತ ಇಬ್ಬರೂ ಕಂಡಿರಲಿಲ್ಲ. ಆ ಮಾತು ಎದ್ದು, ದನಿ ಏರಿ, ಅವಳು ಕಿವಿಗೆ ಹಾಕಿದ್ದನ್ನು ಕಿತ್ತು ಪಕ್ಕಕ್ಕಿಟ್ಟಳು. ಅವನು ಗೋಡೆಗೆ ಮುಖ ಮಾಡಿ ಕೂತ.

ನಾನು ಹೊಲಿಗೆ ನಿಲ್ಲಿಸದೆ ಹೇಳಿದೆ: "ಹಾಸಿಗೇನ ಸದಾ ಒಂದೇ ಕಡೆ ಹಾಸಿದ್ರೆ ಕುಳಿ ಬೀಳುತ್ತೆ ಅಂತ ತಗೊಳ್ಳೋರಿಗೆಲ್ಲ ಹೇಳಿ ಕಳಿಸ್ತೀನಿ. ನೀವೂ ಮಗ್ಗುಲು ಬದಲಿಸಿ ನೋಡಿ. ಅವಳ ಮಾತು ನೀನಾಡು, ನಿನ್ನ ಮಾತು ಅವಳಾಡ್ಲಿ."

ನಕ್ಕರು. ಆಮೇಲೆ ಮಾಡಿ ನೋಡಿದರು. ಕೇಳುವವರಿಗೆ ಅದೇ ಹೆಚ್ಚು ಹಿಡಿಸಿತಂತೆ. ಅಲ್ಲಿಂದ ಅದೇ ಪದ್ಧತಿಯಾಯಿತು. ವಾದ ಸಾಕಷ್ಟು ನಡೆದ ಮೇಲೆ ನಾನು ಹತ್ತಿ ಬಡಿಯುವ ಕೋಲಿನಿಂದ ಒಂದು ಹಾಸಿಗೆಗೆ ಧಪ್ ಅನ್ನಿಸಬೇಕು, ಆಗ ಇಬ್ಬರೂ ಕಡೆ ಬದಲಿಸಬೇಕು. ಎದುರಿನವರ ಮಾತನ್ನು ಅರೆಮನಸ್ಸಿನಿಂದ ಆಡಿದವರು ಅವತ್ತು ಒಂದು ಹಾಸಿಗೆ ಹೊತ್ತು ಮುಂದಿನ ಕೋಣೆಗೆ ಸಾಗಿಸಬೇಕು. ನನಗೂ ಕೂಲಿಯವನನ್ನು ಕರೆಯುವುದು ತಪ್ಪಿತು.

ಹೀಗೆ ಆರು ವರ್ಷ ನಡೆಯಿತು. ಕೇಳಿದ್ದರಲ್ಲಿ ಎಷ್ಟೋ ನನಗೆ ಇವತ್ತಿಗೂ ನೆನಪಿದೆ. ಗುಂಡು ಹಾರಿಸುವ ಆಟ ಸುಲಭ, ಖಾಲಿ ಗ್ರಹದಲ್ಲಿ ತೋಟ ಮಾಡುವ ಆಟವೇ ಕಷ್ಟ, ಯಾಕೆಂದರೆ ಅಲ್ಲಿ ಕಾಯಬೇಕು ಅಂತ ಅವನು ಒಮ್ಮೆ ಹೇಳಿದ. ಬೇರೆ ಲೋಕದವರೆಲ್ಲ ಯಾಕೆ ನಮ್ಮ ಹಾಗೇ ಎರಡು ಕಾಲಲ್ಲಿ ನಡೆಯುತ್ತಾರೆ, ಹಣೆ ಮಾತ್ರ ಉಬ್ಬಿಸಿಕೊಂಡು ಬಂದರೆ ಪರಲೋಕದವರಾಗಿಬಿಡುತ್ತಾರಾ ಅಂತ ಅವಳು ಕೇಳಿದಳು. ಸಾವಿರ ವರ್ಷ ಮುಂದಿನ ಕಥೆಯಲ್ಲೂ ಪಾತ್ರೆ ಯಾರು ತೊಳೆಯುತ್ತಾರೆ ಅಂತ ತೋರಿಸುವುದಿಲ್ಲ ಅನ್ನುವುದು ಅವಳ ದೊಡ್ಡ ಸಿಟ್ಟು.

"ಹಾಸಿಗೆ ಯಾರು ಹೊಲೀತಾರೆ?" ಅಂತ ನಾನೂ ಒಮ್ಮೆ ಬಾಯಿ ಹಾಕಿದೆ.

"ಅಲ್ಲಿ ತೇಲ್ತಾರೆ ಅತ್ತೆ. ಚೀಲದೊಳಗೆ ಮಲಗ್ತಾರೆ."

"ಚೀಲಕ್ಕೂ ಹೊಲಿಗೆ ಬೇಕಲ್ಲ."

ರೆಕಾರ್ಡಿನಿಂದ ಅದನ್ನು ತೆಗೆಯದೆ ಹಾಗೇ ಬಿಟ್ಟರು. ಯಾರೋ ಕೇಳಿದವರು, ಮುದುಕಿ ಇನ್ನೂ ಮಾತಾಡಲಿ ಅಂತ ಬರೆದಿದ್ದರಂತೆ.

ಏಳನೇ ಬೇಸಿಗೆಯ ಒಂದು ಸಂಜೆ ಗಡಿಯಾರ ಎಂದಿನಂತೆ ತಡವಾಗಿ ಬಂದ, ಆದರೆ ಎಂದಿನ ನೆಪ ಹೇಳಲಿಲ್ಲ. ಮರಳುಗಾಡಿನ ನಡುವೆ ಒಂದು ಬೆಟ್ಟವಂತೆ, ಅದರ ಮೇಲೆ ನಕ್ಷತ್ರ ನೋಡುವ ದೊಡ್ಡ ದೂರದರ್ಶಕವಂತೆ. ಅದರ ಗುಮ್ಮಟ ತಿರುಗಬೇಕು, ಮೇಲೆ ಕೆಳಗೆ ಹೋಗುವ ಲಿಫ್ಟ್ ಕೆಡಬಾರದು. ಅದಕ್ಕೆ ಇವನನ್ನು ಕರೆದಿದ್ದರು. ಮೂರು ವರ್ಷ ಅಲ್ಲೇ ಇರಬೇಕು, ಅಲ್ಲಿಂದ ಫೋನೂ ಸರಿಯಾಗಿ ಸಿಗುವುದಿಲ್ಲ.

"ಈ ವಾರ ಹೇಳ್ಬೇಕು. ನೀನೇನಂತೀಯ ಕ್ಯಾಪ್ಟನ್?"

"ನಂದೇನಿದೆ ಅದ್ರಲ್ಲಿ," ಅಂದಳು. "ಮೈಕ್ ಜೋಡಿಸು."

ಅವನು ವೈರು ತರಲು ಮುಂದಿನ ಕೋಣೆಗೆ ಹೋದ. ಅವಳು ಒರೆಸಿದ ಮೈಕನ್ನೇ ಮತ್ತೆ ಒರೆಸುತ್ತ ಕೂತಳು.

"ಹೋಗ್ಬೇಡ ಅಂತ ಹೇಳು," ಅಂದೆ.

"ಹೇಳಿದ್ರೆ ನಿಂತೇಬಿಡ್ತಾನೆ ಅತ್ತೆ. ಆಮೇಲೆ ಲಿಫ್ಟ್ ಗುಂಡಿಯಿಂದ ಮೇಲೆ ನೋಡ್ತಾ ಮುದುಕ ಆಗ್ತಾನೆ. ಹೇಳ್ದಿದ್ರೆ ಹೋಗ್ತಾನೆ. ಆಮೇಲೆ ನಾನು ಯಾರ ಹತ್ರ ಜಗಳ ಆಡ್ಲಿ?"

ವೈರು ಹಿಡಿದು ಅವನು ಒಳಗೆ ಬಂದ. ಮಾತು ಅಲ್ಲಿಗೇ ನಿಂತಿತು.

ಆ ವಾರದ ವಿಷಯ ಒಂದು ಧಾರಾವಾಹಿ. ಭೂಮಿ ಬಿಟ್ಟು ಹೊರಟ ಹಡಗು, ಹೊರಟವರ ಮರಿಮಕ್ಕಳು ಮಾತ್ರ ಗುರಿ ಮುಟ್ಟುತ್ತಾರೆ. ಅಡುಗೆಯವನ ಮಗಳು ಹಡಗಿನಲ್ಲೇ ಹುಟ್ಟಿದವಳು. ನಡುದಾರಿಯಲ್ಲಿ ಒಂದು ಚಂದ್ರ ಸಿಗುತ್ತದೆ. ಪುಟ್ಟ ದೋಣಿ ಹತ್ತಿ ಅಲ್ಲಿಗೆ ಇಳಿದವರು ಮತ್ತೆ ಹಡಗಿಗೆ ಬರುವಂತಿಲ್ಲ. ಕೊನೆಯ ಕಂತಿನಲ್ಲಿ ಆ ಹುಡುಗಿ ದೋಣಿಯ ಬಾಗಿಲಲ್ಲಿ ನಿಂತಿರುತ್ತಾಳೆ, ಅಷ್ಟೇ. ಹೋದಳೋ ಉಳಿದಳೋ ತೋರಿಸುವುದಿಲ್ಲ.

ಅವಳು ಉಳಿಯಬೇಕು ಅಂತ ಇವಳು ವಾದ ಮಾಡಿದಳು. ಹಡಗಿನ ಎಂಜಿನ್ ಸದ್ದಿಲ್ಲದೆ ಆ ಹುಡುಗಿಗೆ ನಿದ್ದೆಯೇ ಬಾರದು, ಚಂದ್ರನ ಮೇಲೆ ಕಲ್ಲು ಬಿಟ್ಟರೆ ಏನಿದೆ, ಕಲ್ಲಿಗೆ ಅವಳ ಹೆಸರು ಗೊತ್ತಾ ಅಂದಳು. ಆ ಹುಡುಗಿ ಹೋಗಬೇಕು ಅಂತ ಅವನು. ಆದರೆ ಅವತ್ತು ಅವನ ವಾದದಲ್ಲಿ ಬಿರುಸಿರಲಿಲ್ಲ. ಒಂದೊಂದು ಮಾತಿಗೂ ಇವಳ ಮುಖ ನೋಡುತ್ತಿದ್ದ.

ಕೋಲು ನನ್ನ ಕೈಯಲ್ಲೇ ಇತ್ತು. ತಟ್ಟಬೇಕೋ ಬೇಡವೋ ಅಂತ ತಡೆದೆ. ಇಬ್ಬರೂ ನನ್ನ ಕಡೆ ನೋಡಿದರು. ತಟ್ಟಿದೆ.

ಅವಳು ಮೈಕಿಗೆ ಹತ್ತಿರವಾಗಿ, ಕೂಗಾಡದೆ ಹೇಳಿದಳು: "ಅವಳು ಹೋಗ್ಬೇಕು. ಹಡಗು ಅವಳು ಆರಿಸಿಕೊಂಡಿದ್ದಲ್ಲ, ಹುಟ್ಟಿದ್ದು ಅಲ್ಲಿ ಅಷ್ಟೇ. ಇಷ್ಟು ದಿನ ಕಿಟಕಿ ಗಾಜಿಗೆ ಮೂಗು ಒತ್ತಿ ನೋಡ್ದೋಳು, ಒಂದ್ಸಲ ಕಾಲು ಊರಿ ನೋಡ್ಲಿ. ಹಡಗಲ್ಲಿ ಇರೋರು ಅಳ್ತಾರೆ. ಅಳ್ಲಿ. ಅವರು ಅಳ್ತಾರೆ ಅಂತ ಅವಳು ಉಳಿದ್ರೆ, ಆಮೇಲೆ ಅವಳ ಮುಖ ನೋಡೋಕೆ ಅವರಿಗೇ ಆಗಲ್ಲ."

ಈಗ ಅವನು ಉಳಿಯುವ ಪಕ್ಷ ಹಿಡಿಯಬೇಕಿತ್ತು. "ಸೋತೆ," ಅಂದ. ಎದ್ದು, ಜೋಡಿ ಹಾಸಿಗೆ ಒಂದನ್ನು ಹೆಗಲಿಗೇರಿಸಿ ಮುಂದಿನ ಕೋಣೆಗೆ ಒಯ್ದಿಟ್ಟು, ಹಾಗೇ ಹೊರಟುಹೋದ. ಮಾರನೆಯ ದಿನ ಬೆಟ್ಟದವರಿಗೆ ಬರುತ್ತೇನೆ ಅಂತ ಹೇಳಿಬಿಟ್ಟ.

ಸುದ್ದಿ ತಿಳಿದು ಅವಳು ಕನ್ನಡಕದ ಅಂಗಡಿಯ ಏಪ್ರನ್ ಕೂಡ ಬಿಚ್ಚದೆ ಓಡಿಬಂದಳು. ಅವನು ಆಗ ನನ್ನ ಹಿಂಜುವ ಯಂತ್ರದ ಬೆಲ್ಟ್ ಬಿಗಿ ಮಾಡುತ್ತಿದ್ದ. ಹೋಗುವ ಮುಂಚೆ ಸರಿ ಮಾಡಿಕೊಡುತ್ತೇನೆ ಅಂತ ಬಂದಿದ್ದ.

"ಲೋ, ಅದು ಬದಲಿಸಿದ ಮಗ್ಗುಲು ಕಣೋ. ನನ್ನ ಅಭಿಪ್ರಾಯ ಅಲ್ಲ. ಅಷ್ಟೂ ಗೊತ್ತಾಗಲ್ವಾ ನಿಂಗೆ?"

ಅವನು ಸ್ಪಾನರ್ ಕೆಳಗಿಡಲಿಲ್ಲ. "ಆರು ವರ್ಷದಿಂದ ಎದುರಿಗೆ ಕೂತು ಕೇಳಿದೀನಿ. ಮೊದಲು ಆಡೋದು ನಿನ್ನ ಹಠ. ಅತ್ತೆ ತಟ್ಟಿದ ಮೇಲೆ ಆಡೋದೇ ನಿನ್ನ ಮನಸ್ಸು."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಮತ್ತೆ ಅಷ್ಟು ಚೆನ್ನಾಗಿ ಹೇಗೆ ಹೇಳ್ದೆ?"

ಅವಳು ನನ್ನ ಕಡೆ ತಿರುಗಿದಳು. ನಾನು ಏನು ಹೇಳಲಿ? ಎರಡೂ ಅವಳದೇ ಮಾತು, ಎರಡನ್ನೂ ನಾನೇ ಕೇಳಿದ್ದೆ. "ನನ್ನ ಯಾಕೆ ನೋಡ್ತೀಯ, ನಾನು ಕೋಲು ಹಿಡಿದೋಳು," ಅಂದೆ. ಅವಳು ಬಂದ ದಾರಿಯಲ್ಲೇ ವಾಪಸ್ಸು ಹೋದಳು.

ಅವನು ಹೊರಡುವ ದಿನ ಬಸ್ಸು ಮಧ್ಯಾಹ್ನ ಎರಡೂವರೆಗೆ. ಟಿಕೆಟ್ ತೆಗೆಸಿದವಳು ಅವಳೇ; ಅವನ ಬುದ್ಧಿ ಬಲ್ಲವಳು, ಹನ್ನೆರಡಕ್ಕೇ ಬಸ್ಸು ಅಂತ ಹೇಳಿಟ್ಟಿದ್ದಳು. ಅವಳು ಅಂಗಡಿಗೆ ಬಂದಾಗ ಹನ್ನೊಂದೂ ಮುಕ್ಕಾಲು ಆಗಿತ್ತು. ಗಡಿಯಾರ ತಲೆ ಬಾಚಿಕೊಂಡು, ಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಕೋಣೆಯಲ್ಲಿ ಕೂತಿದ್ದ.

"ಏನೋ ಇದು?"

"ಹನ್ನೆರಡು ಅಂದ್ಯಲ್ಲ."

"ನೀನು ಎರಡಕ್ಕೆ ಬರ್ತೀಯ ಅಂತ ಹನ್ನೆರಡು ಅಂದಿದ್ದೆ."

"ಇಷ್ಟು ವರ್ಷ ಹೀಗೇನಾ ಹೇಳ್ತಿದ್ದಿದ್ದು?"

"ಮತ್ತೆ?"

ಯಾರೂ ಎಣಿಸದ ಹೊತ್ತು ಹಾಗೆ ಕೈಗೆ ಬಂತು. ಮೈಕ್ ತೆಗೆಯಲಿಲ್ಲ. ಅವನು ಚೀಲದಿಂದ ಅಂಗೈಯಗಲದ ಆಟದ ಯಂತ್ರ ತೆಗೆದ. ಅದೇ ಬೆಟ್ಟ, ಅದೇ ಹಗ್ಗ. ಒಂದೇ ಪರದೆಗೆ ಇಬ್ಬರೂ ತಲೆ ತಾಗಿಸಿ ಕೂತರು. "ಎಡಕ್ಕೆ, ಎಡಕ್ಕೆ," "ಹಗ್ಗ ಸಡಿಲ ಬಿಡೋ," "ತಳ್ಳಬೇಡ ಕಣೇ," ಇಷ್ಟೇ ಮಾತು. ಬಿದ್ದರು, ಬುಡದಿಂದ ಎದ್ದರು, ಮತ್ತೆ ಬಿದ್ದರು. ನಾನು ಒಂದು ಇಡೀ ಅಂಚು ಹೊಲಿದು ಮುಗಿಸಿದೆ. ಕೊನೆಗೆ ಅವನು, "ಇಷ್ಟು ಮೇಲೆ ಯಾವತ್ತೂ ಬಂದಿರಲಿಲ್ಲ," ಅಂದ. ಗೋಡೆಯ ಗಡಿಯಾರ ನೋಡಿದ. "ಸಾಕು, ಆರಿಸ್ತೀನಿ."

"ತಡಿ," ಅಂದಳು. "ಸೇವ್ ಮಾಡು."

ಅವನು ತಲೆ ಎತ್ತಿ ಮೊದಲು ಅವಳನ್ನು, ಆಮೇಲೆ ನನ್ನನ್ನು ನೋಡಿದ. ನನ್ನ ಕೋಲು ಬಾಗಿಲ ಹಿಂದೆ ಒರಗಿತ್ತು.

"ಅತ್ತೆ ತಟ್ಟಲಿಲ್ಲವಲ್ಲ."

"ತಟ್ಟಲಿಲ್ಲ. ಇದು ನನ್ನದೇ. ಮಾಡು."

ಅವನು ಮಾಡಿದ. ಎಂಥದೋ ಸಣ್ಣ ಸದ್ದು ಬಂತು, ಹಾಸಿಗೆಗಳ ನಡುವೆ ಅಲ್ಲೇ ನಿಂತಿತು. ಯಂತ್ರವನ್ನು ಅವಳ ಕೈಗೆ ಕೊಟ್ಟ.

"ಒಬ್ಬಳೇ ಹತ್ತಿಬಿಡ್ಬೇಡ."

"ಹೇಗೆ ಹತ್ಲಿ? ಹಗ್ಗ ಇದೆಯಲ್ಲ."

ಬಸ್ ನಿಲ್ದಾಣದವರೆಗೆ ಅವಳು ಅವನ ಚೀಲ ಹೊತ್ತಳು, ಅವನು ಬೇಡ ಅನ್ನಲಿಲ್ಲ. ನಾನು ಅಂಗಡಿ ಬಾಗಿಲಲ್ಲೇ ನಿಂತೆ.