ತಲೆಯಿದ್ದ ದಿಕ್ಕು

ಈಗ ಹೇಳಿಬಿಡಲೇ? ಅಥವಾ ವಿಚಾರಗೋಷ್ಠಿ ಮುಗಿಯುವವರೆಗೆ ಸುಮ್ಮನಿರಲೇ? ತಂದೆಯ ಅಂಗಿಗೆ ಮೈಕು ಸಿಕ್ಕಿಸುತ್ತ ದುನೋಮ ಮತ್ತೆ ಅದನ್ನೇ ಯೋಚಿಸಿದ.

ಮಳೆಗಾಲದಿಂದ ಹೀಗೆಯೇ ಮುಂದೂಡುತ್ತ ಬಂದಿದ್ದ. ತಮ್ಮ ಫನ್ನಾಮಿ ಊರು ಕಾಯುವ ಬೇಟೆಗಾರರ ಜೊತೆ ಕಾಡಿಗೆ ಹೋದವನು ಬಂಡುಕೋರರ ಗುಂಡಿಗೆ ಸತ್ತಿದ್ದ. ಮುದಿ ತಂದೆಗೆ ದುನೋಮ ಹೇಳಿದ್ದು, ಸರೋವರದ ಆಚೆ ಮೀನಿನ ವ್ಯಾಪಾರಕ್ಕಿಳಿದಿದ್ದಾನೆ ಎಂದು. ಸುಳ್ಳು ಚೆನ್ನಾಗಿಯೇ ನಿಂತಿತ್ತು. ತಂದೆ ಒಮ್ಮೆಯೂ ಕೆದಕಿರಲಿಲ್ಲ.

ಮೈದುಗುರಿ ಪಟ್ಟಣದ ಆ ಸಭಾಂಗಣ ಅರ್ಧ ತುಂಬಿತ್ತು. ದುನೋಮ ತನ್ನ ಪ್ರಬಂಧ ಓದಿದ. ನಮ್ಮ ಕನೂರಿ ಜನಾಂಗದ ಬೇಟೆಗಾರ ತಾನು ಕೊಂದ ಪ್ರಾಣಿಯ ಪಕ್ಕ, ಅದರ ತಲೆಯಿರುವ ದಿಕ್ಕಿಗೆ ಮುಖ ಮಾಡಿ ಕೂರುತ್ತಾನೆ. ಅದನ್ನು ರಕ್ತಸಂಬಂಧಿಯೆಂದು ಕರೆದು ಹಾಡುತ್ತಾನೆ. ಅಲ್ಲಿಗೆ ನಿಸರ್ಗ ಸಂಸ್ಕೃತಿಯಾಗುತ್ತದೆ. ಕೆಲವರು ತಲೆದೂಗಿದರು.

ಇನ್ನು ಆ ಹಾಡನ್ನು ಹಾಡಿ ತೋರಿಸಲು ಹಳೆಯ ಬೇಟೆಗಾರನಾದ ತಂದೆಯ ಸರದಿ. ಬೆಳಿಗ್ಗೆ ಅವನು ಒಪ್ಪಿರಲಿಲ್ಲ. ಸತ್ತದ್ದು ಎದುರಿಗಿಲ್ಲದೆ ಹಾಡಿದರೆ ಹಾಡು ಬದುಕಿರುವವರನ್ನು ಹುಡುಕಿಕೊಂಡು ಹೋಗುತ್ತದೆ ಎಂಬ ಹಟ ಅವನದು. "ನಿಮ್ಮ ಪ್ರೊಫೆಸರನ್ನ ಮಲಗಿಸ್ತೀಯೇನೋ? ಕೊಬ್ಬಿದ್ದಾನೆ, ಒಳ್ಳೇ ಬೇಟೆ," ಎಂದು ಗೇಲಿ ಮಾಡಿದ್ದ. ಗಂಜಿ ಕುಡಿದ ಮೇಲೆ ಯಾಕೋ ತಾನಾಗಿಯೇ ಎದ್ದು, ಚರ್ಮದ ತಾಯಿತ ಕಟ್ಟಿಕೊಂಡು ಹೊರಟು ನಿಂತಿದ್ದ.

ಈಗ ಅವನು ಕುರ್ಚಿ ಬಿಟ್ಟು ನೆಲದ ಮೇಲೆ ಕೂತ. ಪೂರ್ವಕ್ಕೆ ತಿರುಗಿದ. ಸಭೆಗೆ ಬೆನ್ನಾಯಿತು.

ಹಾಡು ತಗ್ಗಿದ ದನಿಯಲ್ಲಿ ಶುರುವಾಯಿತು. ಜಿಂಕೆಯ ಹೆಸರು ಬರಬೇಕಾದ ಕಡೆ ಅವನು ಫನ್ನಾಮಿ ಎಂದ. ನನ್ನ ಕೈತುತ್ತು ಉಂಡವನೇ, ನಿನ್ನ ಕಾಲು ಸೋತಿವೆ, ಇನ್ನು ಓಡಬೇಡ ಎಂದ. ಕೊನೆಗೆ, ಪ್ರಾಣಿಯ ರೆಪ್ಪೆ ಮುಚ್ಚುವ ಹಾಗೆ, ಬರೀ ಸಿಮೆಂಟು ನೆಲದ ಮೇಲೆ ಅಂಗೈ ಸವರಿದ.

ಚಪ್ಪಾಳೆಯಾಯಿತು. ದೇಶದ ದಕ್ಷಿಣದಿಂದ ಬಂದಿದ್ದ, ಕನೂರಿ ಭಾಷೆ ತಿಳಿಯದ ಅಧ್ಯಕ್ಷರು ಫನ್ನಾಮಿ ಎಂದರೆ ಯಾವ ಪ್ರಾಣಿಯೆಂದು ಕೇಳಿದರು.

"ಅದೊಂದು ರೂಪಕ, ಸರ್," ಎಂದ ದುನೋಮ.

ಇಬ್ಬರೂ ಆಟೋದಲ್ಲಿ ವಾಪಸು ಹೊರಟರು. ಸೈನಿಕರ ತಪಾಸಣೆಗೆಂದು ಆಟೋ ನಿಂತಾಗ ತಂದೆ ಹೊರಗೆ ನೋಡುತ್ತಲೇ ಕೇಳಿದ:

"ನಾನು ಪೂರ್ವಕ್ಕೆ ಕೂತೆ. ಅವನ ತಲೆ ಆ ಕಡೆಗೇ ಇತ್ತಲ್ವಾ?"

"ಯಾರ ತಲೆ, ಬಾಬಾ?"

ಮುದುಕ ಅವನನ್ನೇ ನೋಡಿದ. ಆಮೇಲೆ ತನ್ನ ಅಂಗೈಗೆ ಮೆತ್ತಿದ್ದ ಧೂಳನ್ನು ನೋಡಿದ. ಒರೆಸಿಕೊಳ್ಳಲಿಲ್ಲ. ಅದನ್ನು ಮುಷ್ಟಿಯಲ್ಲಿ ಮಡಿಸಿ ಹಿಡಿದುಕೊಂಡ.

ಫನ್ನಾಮಿಯನ್ನು ಮಣ್ಣು ಮಾಡಿದವರಲ್ಲಿ ತಾನೂ ಒಬ್ಬನೆಂದು, ಅವನು ಬಿದ್ದಿದ್ದು ಪಶ್ಚಿಮಕ್ಕೆ, ಮನೆಯ ಕಡೆಗೆ ತಲೆಯಿಟ್ಟು ಎಂದು, ದುನೋಮ ಹೇಳಲೇ ಇಲ್ಲ.