ನಲವತ್ತನೇ ವ್ಯಾಗನ್

ಹಸಿರಾಯಿತು, ಪರದೆಯ ಕೆಳಗಿನ ಸಾಲು, ವ್ಯಾಗನ್ ಮುನ್ನೂರ ಹದಿನೇಳು, ರಿಪೇರಿಯಾಗಿ ಬಂದಿದೆ, ಖಾಲಿ ಇದೆ, ಎಲ್ಲಿಗೆ ಕಳಿಸ್ತೀಯ ಎಂದು ಮಿಣುಕುತ್ತಿದೆ, ಎಂಥ ನಾಚಿಕೆಗೆಟ್ಟ ಡಬ್ಬಿ, ಆಳನ್ನು ನುಂಗಿ ಇಪ್ಪತ್ತು ದಿನವಾಗಿಲ್ಲ, ಆಗಲೇ ಬಣ್ಣ ಬಳಿದುಕೊಂಡು ಲೋಡಿಗೆ ನಿಂತಿದೆ — ಆಳಲ್ಲ, ಅವಳ ತಮ್ಮ. ಅವಳು ಮೌಸ್ ಮೇಲಿನ ಕೈ ತೆಗೆದಳು, ಹದಿನಾರು ವರ್ಷದಿಂದ ಇದೇ ಕುರ್ಚಿ, ಎಲ್ಲಿ ಖಾಲಿ ವ್ಯಾಗನ್ ಬಿದ್ದಿದೆ, ಎಲ್ಲಿಗೆ ಎಷ್ಟು ಬೇಕು, ಸಾವಿರದ ಇನ್ನೂರು ವ್ಯಾಗನ್ನುಗಳ ಜಾತಕ ಬಾಯಿಪಾಠ, ಅದಕ್ಕೇ ಅವನು ಡಬ್ಬಿ ಮಹಾರಾಣಿ ಎನ್ನುತ್ತಿದ್ದ, ಕೂತಲ್ಲೇ ಊರೂರು ಸುತ್ತಿಸ್ತೀಯಲ್ಲ ಅಕ್ಕ, ಒಂದನ್ನಾದ್ರೂ ಕೈಯಲ್ಲಿ ಮುಟ್ಟಿದೀಯಾ, ಇಲ್ಲ, ಮುಟ್ಟುವುದು ಅವನ ಪಾಲು, ಯಾರ್ಡಿನಲ್ಲಿ ಎರಡು ವ್ಯಾಗನ್ ನಡುವೆ ನುಗ್ಗಿ ಕೊಂಡಿ ಹಾಕುವ ಕೆಲಸ, ಕೈಕಾಲು ಹಿಡಿದು ಕೊಡಿಸಿದವಳೂ ಅವಳೇ. ಆ ಬೆಳಿಗ್ಗೆ ಸಿಮೆಂಟ್ ಕಾರ್ಖಾನೆಗೆ ನಲವತ್ತು ಬೇಕು, ಕೈಗೆ ಬಂದದ್ದು ಮೂವತ್ತೊಂಬತ್ತು, ಯಾರ್ಡಿನಲ್ಲಿ ಉಳಿದದ್ದು ಮುನ್ನೂರ ಹದಿನೇಳು ಒಂದೇ, ಒಂದು ಕಡಿಮೆಯಾದರೂ ಅವರು ರೈಲನ್ನೇ ಬೇಡ ಅನ್ನುತ್ತಾರೆ, ಅಷ್ಟರಲ್ಲಿ ಅವನ ಫೋನು, ಅಕ್ಕ, ಮುನ್ನೂರ ಹದಿನೇಳರ ಕೈಬ್ರೇಕು ಹಿಡೀತಿಲ್ಲ, ಸಿಕ್ ಮಾಡ್ಲಾ — ಹಾಗೆ ಮಾಡಿದರೆ ಮುಗಿಯಿತು, ವ್ಯಾಗನ್ ರಿಪೇರಿಗೇ ಹೋಗಬೇಕು, ಯಾರಪ್ಪ ಬಂದು ಹೇಳಿದರೂ ಲೋಡಿಗಿಲ್ಲ — ಒಂದೇ ಒಂದು ಟ್ರಿಪ್ ಹೋಗಿ ಬರಲಿ ಕಣೋ, ಆಮೇಲೆ ಮಾಡು ಎಂದಳು, ಪರದೆಯಿಂದ ಕಣ್ಣೆತ್ತದೆ, ಇಲ್ಲಿ ಎಲ್ಲರೂ ಹೇಳುವ ಮಾತು, ಯಾರೂ ಬರೆದಿಡದ ಮಾತು, ಸರಿ ಬಿಡು, ನೀನು ಹೇಳಿದ್ಮೇಲೆ ಆಯ್ತು ಎಂದ. ನಲವತ್ತಾಯಿತು. ಖುಷಿಗೆ ಚಹಾ ತರಿಸಿಕೊಂಡಳು, ಸಕ್ಕರೆ ಜಾಸ್ತಿಯಾಗಿತ್ತು, ಹಾಳು ನಾಲಗೆಗೆ ಅದು ಇನ್ನೂ ನೆನಪಿದೆ, ಲೋಟ ಖಾಲಿಯಾಗುವ ಮೊದಲೇ ವ್ಯಾಗನ್ ಇಳಿಜಾರಿನಲ್ಲಿ ಜಾರಿತ್ತು, ಅವನು ನಡುವೆ ಇದ್ದ.

ಚಕ್ರಕ್ಕೆ ಅಡ್ಡ ಮರದ ತುಂಡು ಇಟ್ಟಿಲ್ಲ, ಅವನದೇ ಅಜಾಗರೂಕತೆ, ವಿಚಾರಣೆಯವರು ಹೀಗೆ ಬರೆದಿದ್ದಾರೆ, ಇವತ್ತು ಐದಕ್ಕೆ ಫೈಲು ಮುಚ್ಚುತ್ತಾರೆ, ಬೆಳಿಗ್ಗೆ ಸಾಹೇಬರು ನಿಮಗೇನಾದ್ರೂ ಹೇಳೋದಿದ್ಯಾ ಎಂದು ಕೇಳಿದಾಗ ಇಲ್ಲ ಸರ್ ಎಂದದ್ದೂ ಇದೇ ನಾಲಗೆ, ಥೂ. ಬಾಗಿಲಲ್ಲಿ ಯಾರೋ — ತಮ್ಮನ ಹೆಂಡತಿ, ಬಾ, ಕೂತ್ಕೋ, ಕೂರಲಿಲ್ಲ, ಮಗಳು ಕೇಳ್ತಿದಾಳೆ ಅಕ್ಕ, ಅಪ್ಪಂಗೆ ಅಷ್ಟೂ ಜವಾಬ್ದಾರಿ ಇರ್ಲಿಲ್ವಾ ಅಂತ, ಮಲಗೋ ಮುಂಚೆ ಗ್ಯಾಸು ಮೂರು ಸಲ ನೋಡೋ ಮನುಷ್ಯ, ನಾನೇನು ಹೇಳ್ಲಿ, ಎನ್ನುತ್ತ ಪರ್ಸಿನಿಂದ ಏನೋ ತೆಗೆದಳು, ಅವರ ಶರ್ಟಿನ ಜೇಬಲ್ಲಿತ್ತು, ಇದೇನು ಅಂತ ನಿಮಗೆ ಗೊತ್ತಾ.

ಗೊತ್ತು. ಸಿಕ್ ವ್ಯಾಗನ್ನಿಗೆ ಅಂಟಿಸುವ ಕೆಂಪು ಚೀಟಿ, ಅವನ ದಪ್ಪ ಅಕ್ಷರ, ಮುನ್ನೂರ ಹದಿನೇಳು, ಕೈಬ್ರೇಕ್ ಹಿಡಿಯುವುದಿಲ್ಲ, ತಾರೀಕು, ಸಮಯ, ಫೋನ್ ಮಾಡುವ ಮೊದಲೇ ಎಲ್ಲ ತುಂಬಿಟ್ಟಿದ್ದಾನೆ, ಅಂಟಿನ ಮೇಲಿನ ಕಾಗದವನ್ನು ಒಂದು ಮೂಲೆಯಲ್ಲಿ ಬಿಡಿಸಿದ್ದಾನೆ, ಆಮೇಲೆ — ಸರಿ ಬಿಡು — ಮತ್ತೆ ಒತ್ತಿದ್ದಾನೆ. ಇದನ್ನ ಅಂಟಿಸ್ಬೇಡ ಅಂದವಳು ನಾನು ಕಣೇ, ಎಂದಳು, ಗಡಿಯಾರದಲ್ಲಿ ನಾಲ್ಕೂವರೆ, ಫೋನ್ ಎತ್ತಿದಳು, ಸಾಹೇಬರ ನಂಬರು, ಆ ಕಡೆ ಹಲೋ, ಹೇಳಬೇಕು, ಹಲೋ, ಯಾರು ಮಾತಾಡೋದು, ಬಿಡಿಸಿದ ಮೂಲೆ, ಮತ್ತೆ ಒತ್ತಿದ ಮೂಲೆ, ಅದರ ಮೇಲೆ ಅವನ ಹೆಬ್ಬೆರಳಿನ ಗ್ರೀಸು, ಹಲೋ, ಆ ಮೂಲೆ, ಗ್ರೀಸಿನಲ್ಲಿ ಒತ್ತಿದ ಹೆಬ್ಬೆರಳು.