ಹತ್ತಕ್ಕೆ ಹತ್ತು

"ಹತ್ತಕ್ಕೆ ಹತ್ತು ಹಾಕ್ಕೊಳಮ್ಮಾ. ಹನ್ನೊಂದಕ್ಕೆ ಜಾಗ ಇದ್ರೆ ಅದನ್ನೂ ಹಾಕು," ಎಂದರು ಬದರೀನಾರಾಯಣ.

ಚಾಮರಾಜಪೇಟೆಯ ಆಸ್ಪತ್ರೆಯಿಂದ ರೋಗಿಗಳ ಅಭಿಪ್ರಾಯ ಬರೆದುಕೊಳ್ಳಲು ಬಂದಿದ್ದ ಶಿವರಂಜಿನಿ ನಕ್ಕು ಟ್ಯಾಬಿನ ಮೇಲೆ ಬೆರಳಾಡಿಸಿದಳು. ವಿದೇಶದ ರೋಗಿಗಳ ಯೋಗಕ್ಷೇಮ ಅವಳ ಕೆಲಸ. ನಲವತ್ತು ವರ್ಷ ನೈರೋಬಿಯಲ್ಲಿದ್ದು, ಮಂಡಿ ಬದಲಿಸಿಕೊಳ್ಳಲೆಂದು ಬಂದು, ಬಸವನಗುಡಿಯಲ್ಲಿ ಎರಡು ತಿಂಗಳ ಮಟ್ಟಿಗೆ ಮನೆ ಹಿಡಿದಿದ್ದ ಬದರೀನಾರಾಯಣರೂ ಅವಳ ಪಟ್ಟಿಯಲ್ಲಿ ವಿದೇಶದವರೇ. ಅವರು ಹುಟ್ಟಿದ್ದು ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಎಂಬುದಕ್ಕೆ ಅಲ್ಲಿ ಕಾಲಂ ಇರಲಿಲ್ಲ.

"ಡಾಕ್ಟರ್ ಬಗ್ಗೆ, ಸಾರ್?"

"ಲಿಫ್ಟ್‌ವರೆಗೂ ಬಂದ್ರು. 'ಹುಷಾರು' ಅಂದ್ರು, 'ಹೋಗಿ ಬನ್ನಿ' ಅನ್ನಲಿಲ್ಲ. ಆಸ್ಪತ್ರೇಲಿ ಹಾಗನ್ನಬಾರದು ಅಂತ ಈಗ ಎಷ್ಟು ಜನಕ್ಕೆ ಗೊತ್ತು? ಸಂಸ್ಕಾರ ಅಂದ್ರೆ ಅದು!"

ನೈರೋಬಿಯ ಡಾಕ್ಟರು ಕೂತಲ್ಲಿಂದಲೇ ಹೆಸರು ಹಿಡಿದು ಕರೆಯುತ್ತಿದ್ದರು. ಅದೊಂದೇ ಕಾರಣಕ್ಕೆ ಅವರ ಮಾತ್ರೆಗಳಲ್ಲೂ ಗುಣವಿಲ್ಲವೆಂದು ಬದರೀನಾರಾಯಣ ತೀರ್ಮಾನಿಸಿದ್ದರು.

ಕಾಫಿ ತಂದಿಟ್ಟ ಗೋದಾ ಗಂಡನ ಕಾಲಿನ ಬಳಿ ಕುಳಿತರು. ಬೆಳಗ್ಗೆಯಿಂದಲೂ ಅವರ ಕಣ್ಣು ಆ ಪಂಚೆಯ ಅಂಚಿನಲ್ಲೇ. ಆಪರೇಷನ್ ಆದ ಬಲಗಾಲು ಎಡಗಾಲಿಗಿಂತ ದಪ್ಪಗಾಗಿ, ಚರ್ಮ ಬಿಗಿದು ಮಿರುಗುತ್ತಿತ್ತು. ಡಿಸ್ಚಾರ್ಜ್ ಕಾಗದದ ಆರನೆಯ ಸಾಲು ಅವರಿಗೀಗ ಬಾಯಿಪಾಠ: ಮೀನಖಂಡ ಊದಿಕೊಂಡರೆ ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ಬರಬೇಕು. ತೋರಿಸಿದ್ದಕ್ಕೆ ಗಂಡ, "ಅದು ಎಲ್ಲರಿಗೂ ಅಚ್ಚು ಹಾಕಿ ಕೊಡೋದು ಕಣೇ," ಎಂದಿದ್ದರು.

"ನೋವು, ಊತ, ಉಸಿರಾಡೋಕೆ ಕಷ್ಟ, ಏನಾದ್ರೂ?"

"ಕಾಲು ಸ್ವಲ್ಪ..." ಎಂದರು ಗೋದಾ.

"ಗೋದಾ! ಹೊಟ್ಟೆ ತುಂಬ ಬಡಿಸಿದವರ ಎದುರಿಗೆ ಉಪ್ಪು ಕಮ್ಮಿ ಅಂತಾರೇನೇ? ಏನೂ ಇಲ್ಲ ಅಂತ..." ಬದರೀನಾರಾಯಣ ಮಾತಿನ ನಡುವೆ ನಿಂತು, ಮಹಡಿ ಹತ್ತಿ ಬಂದವರಂತೆ ಉಸಿರೆಳೆದುಕೊಂಡರು. "...ಬರ್ಕೊಳಮ್ಮಾ."

ಶಿವರಂಜಿನಿ ಗೋದಾರ ಮುಖ ನೋಡಿದಳು. "ಪೇಷೆಂಟ್ ಹೇಳಿದ್ದನ್ನೇ ಹಾಕ್ಬೇಕು ಆಂಟಿ," ಎಂದು ಸಣ್ಣ ದನಿಯಲ್ಲಿ ಹೇಳಿ, 'ಇಲ್ಲ' ಒತ್ತಿದಳು. ಕಾಫಿ ಮುಗಿಸಿ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಕೈಮುಗಿದಳು. "ಬರ್ತೀನಿ ಸಾರ್. ಬರ್ತೀನಿ ಆಂಟಿ."

ಬದರೀನಾರಾಯಣರ ಮುಖ ಅರಳಿತು. "ಕೇಳಿದ್ಯಾ? ಹೋಗ್ತೀನಿ ಅನ್ನಲಿಲ್ಲ."

ಗೋದಾ ಪಂಚೆ ಸರಿಸಿ, ಗಂಡನ ಮೀನಖಂಡಕ್ಕೆ ಹೆಬ್ಬೆರಳು ಒತ್ತಿ ತೆಗೆದರು. ಕೆಳಗೆ ಸ್ಕೂಟರ್ ಶುರುವಾಯಿತು, ಗೇಟು ದಾಟಿತು, ಗಾಂಧಿ ಬಜಾರಿನ ಕಡೆ ತಿರುಗಿತು. ಅದರ ಸದ್ದು ಪೂರಾ ಅಡಗಿದ ಮೇಲೂ ಬೆರಳಿನ ಗುಳಿ ತುಂಬಿರಲಿಲ್ಲ.